ಚೆಂಡು ತಿರುಗಿಸಿದ ಬಾಲೂ

ಭಾನುವಾರ ಬೆಳಗ್ಗೆ ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಯಾವುದಾದರೂ ಆಟದ ಮೈದಾನಕ್ಕೆ ಹೋಗಿ ನೋಡಿ. ಒಂದೇ ಮೈದಾನದಲ್ಲಿ ಐದಾರು ಗುಂಪುಗಳು ಕ್ರಿಕೆಟ್ ಆಡುತ್ತಿರುತ್ತವೆ. ರಾಜಾಜಿನಗರದ ಅಡ್ಡರಸ್ತೆಯಲ್ಲಿ, ಕೆಂಗೇರಿಯ ಖಾಲಿ ಸೈಟಿನಲ್ಲಿ ಆಡಲು ಮೂರು ಕೋಲು, ಒಂದು ಹಲಗೆ, ಒಂದು ಚೆಂಡು ಇದ್ದರೆ ಸಾಕು. ನೀವೂ ಆಡಿರುತ್ತೀರಿ.

ಜೋರಾಗಿ ಓಡಿ ಬಂದು ವೇಗವಾಗಿ ಚೆಂಡೆಸೆಯುವವರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ಆದರೆ ಒಮ್ಮೊಮ್ಮೆ ಒಬ್ಬ ಹುಡುಗನೋ ಹುಡುಗಿಯೋ ನಾಲ್ಕೇ ಹೆಜ್ಜೆ ಇಟ್ಟು ನಿಧಾನವಾಗಿ ಎಸೆದ ಚೆಂಡು, ನೆಲಕ್ಕೆ ತಾಗಿದ ಕೂಡಲೇ ಸರಕ್ಕನೆ ಪಕ್ಕಕ್ಕೆ ತಿರುಗಿ ಕೋಲನ್ನು ಬೀಳಿಸುತ್ತದೆ. ಆಗ ಬ್ಯಾಟು ಹಿಡಿದವರು ಕಣ್ಣುಕಣ್ಣು ಬಿಡುತ್ತಾರೆ. ನೇರ ಬಂದ ಚೆಂಡು ತಿರುಗಿದ್ದು ಹೇಗೆ?

ಈ ವಿದ್ಯೆಯಲ್ಲಿ ಇಡೀ ದೇಶದಲ್ಲೇ ಮೊದಲು ಹೆಸರಾದವರೊಬ್ಬರು ನಮ್ಮ ಕರ್ನಾಟಕದ ಧಾರವಾಡದಲ್ಲಿ ಹುಟ್ಟಿದವರು. ಅವರ ಹೆಸರು ಪಾಲ್ವಣಕರ್ ಬಾಲೂ. ಅವರು ಎಸೆದ ಚೆಂಡಿನ ಹಿಂದೆ ವಿಜ್ಞಾನವಿದೆ. ಅವರ ಬದುಕಿನ ಹಿಂದೆ ನಾವು ಮರೆಯಬಾರದ ಒಂದು ಸಂಗತಿ ಇದೆ. ಎರಡನ್ನೂ ತಿಳಿಯೋಣ ಬನ್ನಿ.

ಧಾರವಾಡದಿಂದ ಪುಣೆಗೆ

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು 400 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ದೂರ ಹೋದರೆ ಧಾರವಾಡ ಸಿಗುತ್ತದೆ. ಸುಮಾರು 150 ವರ್ಷಗಳ ಹಿಂದೆ ಬಾಲೂ ಹುಟ್ಟಿದ್ದು ಅಲ್ಲಿ. ಆಗ ಧಾರವಾಡವು ಬ್ರಿಟಿಷರ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಬಾಲೂ ಅವರ ಹಿರಿಯರು ಕೊಂಕಣ ಕರಾವಳಿಯ ಪಾಲ್ವಣ ಎಂಬ ಊರಿನವರು. ಆದ್ದರಿಂದಲೇ ಮನೆತನಕ್ಕೆ ಪಾಲ್ವಣಕರ್ ಎಂಬ ಹೆಸರು ಬಂತು.

ಅವರದು ಚರ್ಮದ ಕೆಲಸ ಮಾಡುವ ಸಮುದಾಯ. ಆ ಕಾಲದಲ್ಲಿ ಈ ಸಮುದಾಯದವರನ್ನು ಅಸ್ಪೃಶ್ಯರು ಎಂದು ದೂರ ಇಡುತ್ತಿದ್ದರು. ಅವರು ಎಲ್ಲರ ಬಾವಿಯಿಂದ ನೀರು ಸೇದುವಂತಿರಲಿಲ್ಲ. ದೇವಸ್ಥಾನದೊಳಗೆ ಹೋಗುವಂತಿರಲಿಲ್ಲ. ಅವರು ಮುಟ್ಟಿದ ಪಾತ್ರೆಯನ್ನು ಬೇರೆಯವರು ಮುಟ್ಟುತ್ತಿರಲಿಲ್ಲ.

ಬಾಲೂ ಬೆಳೆದದ್ದು ಪುಣೆಯಲ್ಲಿ. ಅಲ್ಲಿ ಬ್ರಿಟಿಷ್ ಸೈನ್ಯದ ದೊಡ್ಡ ನೆಲೆ ಇತ್ತು. ಸಂಜೆಯಾದರೆ ಸೈನ್ಯದ ಅಧಿಕಾರಿಗಳು ತಮ್ಮ ದೇಶದ ಆಟವಾದ ಕ್ರಿಕೆಟ್ಟನ್ನು ಆಡುತ್ತಿದ್ದರು. ಅವರು ಬಳಸಿ ಬಿಟ್ಟ ಹಳೆಯ ಬ್ಯಾಟು, ಚೆಂಡುಗಳೇ ಬಾಲೂ ಮತ್ತು ತಮ್ಮ ಶಿವರಾಮನಿಗೆ ಆಟದ ಸಾಮಾನುಗಳಾದವು. ಆಟ ಕಲಿಸುವ ಗುರು ಯಾರೂ ಇರಲಿಲ್ಲ. ನೋಡಿ ನೋಡಿ ಕಲಿತರು.

ಮೈದಾನವೇ ಪಾಠಶಾಲೆ

ಬಾಲೂ ಅವರಿಗೆ ಮೊದಲು ಸಿಕ್ಕ ಕೆಲಸ ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ಚನ್ನು ಗುಡಿಸುವುದು, ರೋಲರ್ ಎಳೆಯುವುದು, ಆಗಾಗ ಸದಸ್ಯರಿಗೆ ಚೆಂಡು ಎಸೆಯುವುದು ಅವರ ಕೆಲಸ. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಅವರು ಬ್ರಿಟಿಷ್ ಅಧಿಕಾರಿಗಳ ಪೂನಾ ಜಿಮ್ಖಾನಾ ಕ್ಲಬ್ಬಿಗೆ ಸೇರಿದರು. ಅಲ್ಲಿ 4 ರೂಪಾಯಿ ಸಂಬಳ. ಪಿಚ್ ಸಿದ್ಧ ಮಾಡುವುದು, ಗೆರೆ ಎಳೆಯುವುದು, ಅಭ್ಯಾಸಕ್ಕೆ ಬಲೆ ಕಟ್ಟುವುದು, ಹೀಗೆ ಮೈದಾನದ ಕೆಲಸವೆಲ್ಲ ಅವರ ಪಾಲಿಗೆ ಬಂತು.

ಇದು ಸಣ್ಣ ಕೆಲಸ ಎಂದು ನಿಮಗೆ ಅನಿಸಬಹುದು. ಆದರೆ ಪಿಚ್ ಎನ್ನುವುದು 22 ಗಜ, ಅಂದರೆ ಸುಮಾರು 20 ಮೀಟರ್ ಉದ್ದದ ಮಣ್ಣಿನ ಪಾಠ. ಜೇಡಿಮಣ್ಣು ಹದವಾಗಿ ಒದ್ದೆಯಾಗಿದ್ದಾಗ ರೋಲರ್ ಎಳೆದರೆ ಮಣ್ಣಿನ ಕಣಗಳ ನಡುವಿನ ಗಾಳಿ ಹೊರಬಂದು ನೆಲ ಗಟ್ಟಿಯಾಗುತ್ತದೆ. ಅಂಥ ನೆಲದಲ್ಲಿ ಚೆಂಡು ಚೆನ್ನಾಗಿ ಪುಟಿಯುತ್ತದೆ. ಬಿಸಿಲಿಗೆ ಮೇಲ್ಮೈ ಒಣಗಿ ಬಿರುಕು ಬಿಟ್ಟರೆ, ಪುಡಿ ಎದ್ದರೆ ನೆಲ ಒರಟಾಗುತ್ತದೆ. ಒರಟು ನೆಲ ಚೆಂಡನ್ನು ಹಿಡಿದು ತಿರುಗಿಸುತ್ತದೆ. ಯಾವ ನೆಲ ಹೇಗೆ ವರ್ತಿಸುತ್ತದೆ ಎಂಬುದು ದಿನವೂ ಅದನ್ನು ಮುಟ್ಟಿ ಕೆಲಸ ಮಾಡುವವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತಿರುತ್ತದೆ ಹೇಳಿ?

ಜಿಮ್ಖಾನಾದಲ್ಲಿ ಬಾಲೂ ಗಂಟೆಗಟ್ಟಲೆ ಚೆಂಡು ಎಸೆದರು. ಆ ಕ್ಲಬ್ಬಿನ ಬಲು ದೊಡ್ಡ ಬ್ಯಾಟುಗಾರ ಜೆ.ಜಿ. ಗ್ರೇಗ್ ಎಂಬ ಸೈನ್ಯಾಧಿಕಾರಿ. ಅವರು ಎಲ್ಲರಿಗಿಂತ ಒಂದು ಗಂಟೆ ಮೊದಲೇ ಬಂದು ಬಾಲೂ ಅವರ ಎಸೆತದ ಎದುರು ಅಭ್ಯಾಸ ಮಾಡುತ್ತಿದ್ದರಂತೆ. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರು ಎಂಬ ಕಥೆಯೂ ಇದೆ. ಲೆಕ್ಕ ಹಾಕಿ: ಒಂದು ರೂಪಾಯಿಗೆ 16 ಆಣೆ. ಹಾಗಾದರೆ ಎಂಟು ಸಲ ಔಟ್ ಮಾಡಿದರೆ ಒಂದು ತಿಂಗಳ ಸಂಬಳ!

ಆದರೆ ಒಂದು ವಿಷಯ ಗಮನಿಸಿ. ಇಷ್ಟು ವರ್ಷ ಚೆಂಡು ಎಸೆದರೂ ಅಲ್ಲಿ ಬಾಲೂ ಅವರ ಕೈಗೆ ಬ್ಯಾಟು ಕೊಡಲಿಲ್ಲ. ಬ್ಯಾಟು ಹಿಡಿಯುವುದು ಸಾಹೇಬರ ಪಾಲು, ಚೆಂಡು ಎಸೆದು ಬೆವರುವುದು ಕೆಲಸದವರ ಪಾಲು ಎಂಬ ರೂಢಿ ಆಗ ಇತ್ತು.

ಚೆಂಡು ಏಕೆ ತಿರುಗುತ್ತದೆ?

ಬಾಲೂ ಎಡಗೈಯ ನಿಧಾನಗತಿಯ ಬೌಲರ್. ಅಂಥವರು ಬೆರಳುಗಳಿಂದ ಚೆಂಡನ್ನು ತಿರುವಿ ಬಿಡುತ್ತಾರೆ. ಚೆಂಡು ಬುಗುರಿಯ ಹಾಗೆ ತನ್ನ ಸುತ್ತ ತಾನೇ ತಿರುಗುತ್ತಾ ಮುಂದೆ ಸಾಗುತ್ತದೆ. ಆಗ ಎರಡು ಕಡೆ ವಿಜ್ಞಾನ ಕೆಲಸ ಮಾಡುತ್ತದೆ.

ಮೊದಲನೆಯದು ಗಾಳಿಯಲ್ಲಿ. ಚೆಂಡು ತಿರುಗುವಾಗ ಅದರ ಮೈಗೆ ಅಂಟಿದ ಗಾಳಿಯ ತೆಳುಪದರವೂ ಅದರೊಂದಿಗೆ ಸುತ್ತುತ್ತದೆ. ಇದರಿಂದ ಚೆಂಡು ತನ್ನ ಹಿಂದೆ ಬಿಟ್ಟು ಹೋಗುವ ಗಾಳಿ ನೇರವಾಗಿರದೆ ಒಂದು ಪಕ್ಕಕ್ಕೆ ವಾಲುತ್ತದೆ. ಚೆಂಡು ಗಾಳಿಯನ್ನು ಒಂದು ಪಕ್ಕಕ್ಕೆ ತಳ್ಳಿದರೆ ಗಾಳಿ ಚೆಂಡನ್ನು ಇನ್ನೊಂದು ಪಕ್ಕಕ್ಕೆ ತಳ್ಳುತ್ತದೆ. ಪ್ರತಿಯೊಂದು ಕ್ರಿಯೆಗೂ ಅಷ್ಟೇ ಬಲದ ವಿರುದ್ಧ ಪ್ರತಿಕ್ರಿಯೆ ಇರುತ್ತದೆ ಎಂಬುದು ನ್ಯೂಟನ್ ಅವರ ಮೂರನೆಯ ನಿಯಮ, ಅಲ್ಲವೇ? ಹೀಗಾಗಿ ಚೆಂಡು ಬಾಗಿದ ದಾರಿಯಲ್ಲಿ ಬರುತ್ತದೆ, ಇಲ್ಲವೇ ಬ್ಯಾಟುಗಾರ ಎಣಿಸಿದ್ದಕ್ಕಿಂತ ಮೊದಲೇ ನೆಲಕ್ಕೆ ಇಳಿಯುತ್ತದೆ. ಇದನ್ನು ಮ್ಯಾಗ್ನಸ್ ಪರಿಣಾಮ ಎನ್ನುತ್ತಾರೆ. 1852ರಲ್ಲಿ ಇದರ ಬಗ್ಗೆ ಪ್ರಯೋಗ ಮಾಡಿದ ಜರ್ಮನಿಯ ವಿಜ್ಞಾನಿ ಮ್ಯಾಗ್ನಸ್ ಅವರ ಹೆಸರು ಅದಕ್ಕೆ ಬಂದಿದೆ.

ಎರಡನೆಯದು ನೆಲದ ಮೇಲೆ. ತಿರುಗುತ್ತಿರುವ ಚೆಂಡು ನೆಲಕ್ಕೆ ತಾಗಿದಾಗ ಅದರ ಮೈ ನೆಲವನ್ನು ಉಜ್ಜುತ್ತದೆ. ಆಗ ಘರ್ಷಣೆ ಉಂಟಾಗುತ್ತದೆ. ಈ ಘರ್ಷಣೆಯ ಬಲವೇ ಚೆಂಡನ್ನು ಪಕ್ಕಕ್ಕೆ ತಳ್ಳುವುದು. ಚೆಂಡಿನ ನಡುವೆ ಉಬ್ಬಿಕೊಂಡಿರುವ ಹೊಲಿಗೆ ನೆಲಕ್ಕೆ ತಾಗಿದರೆ ಹಿಡಿತ ಇನ್ನೂ ಹೆಚ್ಚು. ಎಡಗೈ ಸ್ಪಿನ್ನರ್ ಸಾಮಾನ್ಯವಾಗಿ ಎಸೆಯುವ ಚೆಂಡು ಹೀಗೆ ತಿರುಗಿ, ಬಲಗೈ ಬ್ಯಾಟುಗಾರನಿಂದ ಆಚೆಗೆ ಸರಿಯುತ್ತದೆ.

ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ಚೆಂಡಿಗೆ ಬ್ಯಾಟುಗಾರನನ್ನು ತಲುಪಲು ಒಂದು ಸೆಕೆಂಡು ಕೂಡ ಬೇಡ. ಅಷ್ಟರಲ್ಲಿ ಅದು ಎಲ್ಲಿ ಬೀಳುತ್ತದೆ, ಎತ್ತ ತಿರುಗುತ್ತದೆ, ಎಷ್ಟು ಪುಟಿಯುತ್ತದೆ ಎಂದು ತೀರ್ಮಾನಿಸಬೇಕು. ವೇಗವನ್ನೂ ತಿರುಗುವಿಕೆಯನ್ನೂ ಎಸೆತದಿಂದ ಎಸೆತಕ್ಕೆ ಬದಲಿಸುತ್ತಿದ್ದ ಬಾಲೂ ಎದುರು ಆಡುವುದು ಎಷ್ಟು ಕಷ್ಟವಾಗಿತ್ತು, ಊಹಿಸಿಕೊಳ್ಳಿ.

ನೀವೇ ಮಾಡಿ ನೋಡಿ

1. ಒಂದು ರಬ್ಬರ್ ಚೆಂಡನ್ನು ಎದೆಯ ಎತ್ತರಕ್ಕೆ ಹಿಡಿಯಿರಿ. ಗಾಡಿಯ ಚಕ್ರ ಮುಂದಕ್ಕೆ ಉರುಳುವ ಹಾಗೆ ಅದನ್ನು ಕೈಗಳಿಂದ ತಿರುವಿ, ನೇರ ಕೆಳಕ್ಕೆ ಬೀಳಬಿಡಿ. ನೆಲಕ್ಕೆ ತಾಗಿದ ಮೇಲೆ ಅದು ಎತ್ತ ಹೋಯಿತು?

2. ಈಗ ಚೆಂಡನ್ನು ಬುಗುರಿಯ ಹಾಗೆ ನೆಟ್ಟಗೆ ತಿರುಗಿಸಿ ಬಿಡಿ. ಈ ಸಲ ಅದು ಪಕ್ಕಕ್ಕೆ ಹೋಗದೆ ಹೆಚ್ಚುಕಡಿಮೆ ನೇರ ಮೇಲಕ್ಕೆ ಪುಟಿಯುತ್ತದೆ. ತಿರುಗಿದರೆ ಸಾಲದು, ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದೂ ಮುಖ್ಯ ಎಂದು ತಿಳಿಯಿತಲ್ಲವೇ?

3. ಮೊದಲನೆಯ ಪ್ರಯೋಗವನ್ನು ಒರಟು ಸಿಮೆಂಟ್ ನೆಲದ ಮೇಲೆ ಮಾಡಿ. ನಂತರ ನುಣುಪಾದ ನೆಲದ ಮೇಲೆ ಸ್ವಲ್ಪ ನೀರು ಚಿಮುಕಿಸಿ ಮಾಡಿ. ಎಲ್ಲಿ ಹೆಚ್ಚು ತಿರುಗಿತು? ಒದ್ದೆ ನೆಲದ ಮೇಲೆ ಓಡಬೇಡಿ, ಜಾರುತ್ತದೆ.

4. ಒಂದು ಹಾಳೆಯನ್ನು ಕೊಳವೆಯಂತೆ ಸುತ್ತಿ ಅಂಟಿಸಿ. ಮೇಜಿನ ಮೇಲೆ ಒಂದು ಹಲಗೆಯನ್ನು ಅಂಚಿನ ಕಡೆಗೆ ಇಳಿಜಾರಾಗಿ ಇಟ್ಟು, ಅದರ ಮೇಲಿಂದ ಕೊಳವೆಯನ್ನು ಉರುಳಿಸಿ. ಅಂಚು ದಾಟಿದ ಕೊಳವೆ ಮುಂದಕ್ಕೆ ಬೀಳುವ ಬದಲು ಬಾಗಿ ಮೇಜಿನ ಕಡೆಗೇ ಹಿಂದಿರುಗುತ್ತದೆ. ಇದೇ ಮ್ಯಾಗ್ನಸ್ ಪರಿಣಾಮ.

ಒಂದೇ ಚೆಂಡು, ಬೇರೆ ಲೋಟ

ಈಗ ಬಾಲೂ ಅವರ ಕಥೆಗೆ ಹಿಂದಿರುಗೋಣ. ಆ ದಿನಗಳಲ್ಲಿ ಕ್ರಿಕೆಟ್ ತಂಡಗಳು ಊರಿನ ಹೆಸರಿಗಿಂತ ಧರ್ಮ, ಜನಾಂಗಗಳ ಹೆಸರಿನಲ್ಲೇ ಹೆಚ್ಚಾಗಿ ಇರುತ್ತಿದ್ದವು. ಪುಣೆಯ ಹಿಂದೂ ಆಟಗಾರರ ತಂಡಕ್ಕೆ ಬ್ರಿಟಿಷರನ್ನು ಸೋಲಿಸುವ ಆಸೆ. ಅದಕ್ಕೆ ಬಾಲೂ ಬೇಕೇ ಬೇಕು. ಆದರೆ ತಂಡದಲ್ಲಿದ್ದ ಮೇಲ್ಜಾತಿಯ ಕೆಲವರು ಅವರನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಬಹಳ ಚರ್ಚೆಯ ನಂತರ ಸೇರಿಸಿಕೊಂಡರು.

ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡನ್ನು ಮುಟ್ಟಿದರು. ಬಾಲೂ ಕೈಯಿಂದ ಹೊರಟ ಚೆಂಡನ್ನೇ ಇತರರು ಹಿಡಿದರು, ಅವರಿಗೇ ಮರಳಿ ಎಸೆದರು. ಆದರೆ ಚಹಾದ ವಿರಾಮ ಬಂದರೆ ಉಳಿದವರು ಒಳಗೆ ಕುಳಿತು ಪಿಂಗಾಣಿ ಬಟ್ಟಲಲ್ಲಿ ಕುಡಿಯುತ್ತಿದ್ದರು. ಬಾಲೂ ಅವರಿಗೆ ಹೊರಗಡೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೂ ಬೇರೆ ತಟ್ಟೆ, ಬೇರೆ ಮೇಜು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಕ್ರಿಕೆಟ್ ಚೆಂಡನ್ನು ಹೇಗೆ ಮಾಡುತ್ತಾರೆ? ಒಳಗೆ ಬೆಂಡಿನ ತಿರುಳು, ಅದರ ಸುತ್ತ ಬಿಗಿಯಾಗಿ ಸುತ್ತಿದ ದಾರ, ಹೊರಗೆ ಹದ ಮಾಡಿ ಹೊಲಿದ ಚರ್ಮ. ಬಾಲೂ ಅವರ ಸಮುದಾಯವನ್ನು ದೂರ ಇಟ್ಟದ್ದೇ ಚರ್ಮದ ಕೆಲಸ ಮಾಡುವವರೆಂದು. ಅದೇ ಚರ್ಮದ ಚೆಂಡನ್ನು ಎಲ್ಲರೂ ದಿನವಿಡೀ ಕೈಯಲ್ಲಿ ಹಿಡಿದು ಆಡುತ್ತಿದ್ದರು. ಚರ್ಮ ಮುಟ್ಟಿದರೆ ಮೈಲಿಗೆಯಾಗದು, ಚರ್ಮದ ಕೆಲಸದವರನ್ನು ಮುಟ್ಟಿದರೆ ಮೈಲಿಗೆ ಎನ್ನುವುದಕ್ಕೆ ಯಾವ ತರ್ಕವಿದೆ? ಚರ್ಮದ ಕೆಲಸದ ಹರಳಯ್ಯನವರನ್ನು ತಮ್ಮವರೆಂದು ಅಪ್ಪಿಕೊಂಡ ಬಸವೇಶ್ವರರ ಹೆಸರನ್ನು ನಮ್ಮ ಬಸವೇಶ್ವರನಗರಕ್ಕೆ ಇಟ್ಟಿದ್ದೇವೆ. ಅದು 12ನೆಯ ಶತಮಾನದ ಮಾತು. ಅದಾಗಿ 700 ವರ್ಷ ಕಳೆದ ಮೇಲೂ ಬಾಲೂ ಹೊರಗೇ ನಿಂತು ಚಹಾ ಕುಡಿಯಬೇಕಾಯಿತು.

ಬಾಲೂ ಜಗಳವಾಡಲಿಲ್ಲ, ಆಟವನ್ನು ಬಿಡಲೂ ಇಲ್ಲ. ವಿಕೆಟ್ ಮೇಲೆ ವಿಕೆಟ್ ಪಡೆದರು. ಸಮಾಜ ಸುಧಾರಕರಾದ ಮಹಾದೇವ ಗೋವಿಂದ ರಾನಡೆ ಅವರು ಪುಣೆಯಲ್ಲಿ ಎಲ್ಲರ ಎದುರು ಬಾಲೂ ಅವರಿಗೆ ಹಾರ ಹಾಕಿ ಗೌರವಿಸಿದರು.

ಮುಂಬಯಿಯ ಗೆಲುವು

1896ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಪ್ಲೇಗ್ ರೋಗ ಹಬ್ಬಿತು. ಆ ಸಮಯದಲ್ಲಿ ಬಾಲೂ ಪುಣೆ ಬಿಟ್ಟು ಮುಂಬಯಿ ಸೇರಿದರು. ಅಲ್ಲಿ ರೈಲ್ವೆಯಲ್ಲಿ ಉದ್ಯೋಗ ಸಿಕ್ಕಿತು. ಹಿಂದೂ ಜಿಮ್ಖಾನಾ ತಂಡಕ್ಕೂ ಸೇರಿದರು. ಅಲ್ಲಿಯೂ ಮೊದಲು ವಿರೋಧ, ನಂತರ ಒಪ್ಪಿಗೆ.

1906ರ ಫೆಬ್ರವರಿಯಲ್ಲಿ ಹಿಂದೂ ತಂಡಕ್ಕೂ ಯುರೋಪಿಯನ್ನರ ತಂಡಕ್ಕೂ ಮುಂಬಯಿಯಲ್ಲಿ ಪಂದ್ಯ ನಡೆಯಿತು. ಹಿಂದೂ ತಂಡ 242 ಮತ್ತು 160 ರನ್ ಮಾಡಿತು. ಯುರೋಪಿಯನ್ನರು 191 ಮತ್ತು 102 ರನ್ನಿಗೆ ಔಟಾದರು. ಎಷ್ಟು ರನ್ನಿನ ಗೆಲುವು? ನೀವೇ ಕೂಡಿ ಕಳೆಯಿರಿ: 109. ಎದುರಾಳಿಗಳನ್ನು ಉರುಳಿಸಿದವರಲ್ಲಿ ಬಾಲೂ ಮುಖ್ಯರು. ದೇಶವನ್ನು ಆಳುತ್ತಿದ್ದವರನ್ನು ಅವರದೇ ಆಟದಲ್ಲಿ ಸೋಲಿಸಿದ ಸುದ್ದಿ ಊರೂರಿಗೂ ಹಬ್ಬಿತು. ಅಷ್ಟು ಹೊತ್ತಿಗೆ ತಂಡದವರು ಬಾಲೂ ಅವರನ್ನು ತಮ್ಮ ಜೊತೆಯಲ್ಲೇ ಊಟಕ್ಕೆ ಕೂರಿಸಿಕೊಳ್ಳಲು ಆರಂಭಿಸಿದ್ದರು. ಚೆಂಡು ವಿಕೆಟ್ಟುಗಳ ಜೊತೆಗೆ ಒಂದು ಗೋಡೆಯನ್ನೂ ಸ್ವಲ್ಪ ಅಲುಗಿಸಿತ್ತು.

ಇಂಗ್ಲೆಂಡಿನಲ್ಲಿ 114 ವಿಕೆಟ್

1911ರಲ್ಲಿ ಎಲ್ಲ ಸಮುದಾಯದವರೂ ಸೇರಿದ ಮೊದಲ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರು ನಾಯಕರು. ಬಾಲೂ ಜೊತೆ ತಮ್ಮ ಶಿವರಾಮ್ ಕೂಡ ತಂಡದಲ್ಲಿದ್ದರು. ನಮ್ಮ ಬೆಂಗಳೂರಿನವರೂ ಒಬ್ಬರಿದ್ದರು ಎಂದರೆ ನಿಮಗೆ ಖುಷಿಯಾಗಬಹುದು. ಅವರು ಬಿ. ಜಯರಾಮ್. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಕಲ್ಲು, ಮಣ್ಣು, ಖನಿಜಗಳನ್ನು ಅಧ್ಯಯನ ಮಾಡುತ್ತಿದ್ದ ವಿಜ್ಞಾನಿ!

ಇಂಗ್ಲೆಂಡಿನ ಹವೆ, ನೆಲ ನಮ್ಮವರಿಗೆ ಹೊಸದು. ಆಡಿದ 23 ಪಂದ್ಯಗಳಲ್ಲಿ ತಂಡ ಗೆದ್ದದ್ದು 6 ಮಾತ್ರ. ಆದರೆ ಬಾಲೂ ಒಬ್ಬರೇ 114 ವಿಕೆಟ್ ಪಡೆದರು. ಒಂದು ವಿಕೆಟ್ಟಿಗೆ ಅವರು ಕೊಟ್ಟದ್ದು ಸರಾಸರಿ 19ಕ್ಕಿಂತ ಕಡಿಮೆ ರನ್. ಆಗ ಅವರ ವಯಸ್ಸು ಮೂವತ್ತೈದರ ಆಸುಪಾಸು, ಎಸೆಯುವ ತೋಳೂ ನೋಯುತ್ತಿತ್ತು. ಆ ಬೇಸಿಗೆಯಲ್ಲಿ ಭಾರತ ತಂಡದ ಬೇರೆ ಯಾವ ಬೌಲರ್ ಕೂಡ ಅವರ ಹತ್ತಿರ ಬರಲಿಲ್ಲ.

ಊರಿಗೆ ಮರಳಿದಾಗ ಮುಂಬಯಿಯ ದಲಿತ ಜನರು ಸಭೆ ಸೇರಿ ಅವರನ್ನು ಸನ್ಮಾನಿಸಿದರು. ಮುಂದೆ ನಮ್ಮ ಸಂವಿಧಾನವನ್ನು ರೂಪಿಸಿದ ಡಾ. ಬಿ.ಆರ್. ಅಂಬೇಡ್ಕರ್ ಆಗ ಇಪ್ಪತ್ತರ ತರುಣ. ಬಾಲೂ ಅವರ ಸಾಧನೆ ಆ ತರುಣನಿಗೂ ಹೆಮ್ಮೆಯ ವಿಷಯವಾಗಿತ್ತು.

ಸಿಗದ ನಾಯಕತ್ವ

ಇಷ್ಟೆಲ್ಲ ಆದ ಮೇಲೆ ಬಾಲೂ ತಂಡದ ನಾಯಕರಾದರೇ? ಇಲ್ಲ. ಅನುಭವದಲ್ಲಿ, ಆಟದಲ್ಲಿ ಅವರೇ ಹಿರಿಯರು. ಆದರೂ ಪ್ರತಿ ವರ್ಷ ಮೇಲ್ಜಾತಿಯ ಇನ್ನೊಬ್ಬರು ನಾಯಕರಾಗುತ್ತಿದ್ದರು. 1920ರಲ್ಲಿ ಅವರನ್ನು ಮೊದಲು ತಂಡದಿಂದಲೇ ಕೈಬಿಟ್ಟರು. ಆಗ ತಮ್ಮಂದಿರಾದ ಶಿವರಾಮ್ ಮತ್ತು ವಿಠ್ಠಲ್ ಆಡುವುದಿಲ್ಲವೆಂದು ಹೊರಗೆ ಬಂದರು. ನಾಯಕನನ್ನು ಆರಿಸಬೇಕಾದ್ದು ಆಟ ನೋಡಿ, ಜಾತಿ ನೋಡಿ ಅಲ್ಲ ಎಂಬುದು ಅವರ ವಾದ. ಜನರ ಬೆಂಬಲವೂ ಅವರಿಗೆ ಸಿಕ್ಕಿತು. ಕೊನೆಗೆ ಅಣ್ಣತಮ್ಮಂದಿರನ್ನು ಮತ್ತೆ ಕರೆಸಿಕೊಂಡು, ಬಾಲೂ ಅವರನ್ನು ಉಪನಾಯಕರನ್ನಾಗಿ ಮಾಡಿದರು.

1923ರಲ್ಲಿ ತಮ್ಮ ವಿಠ್ಠಲ್ ಹಿಂದೂ ತಂಡದ ನಾಯಕರಾದರು. ಆ ವರ್ಷ ತಂಡ ಪಂದ್ಯಾವಳಿಯನ್ನು ಗೆದ್ದಿತು. ಅಣ್ಣನಿಗೆ ಸಿಗದ ಗೌರವ ತಮ್ಮನಿಗೆ ಸಿಕ್ಕಿತ್ತು.

ಭಾರತ ಮೊದಲ ಟೆಸ್ಟ್ ಪಂದ್ಯ ಆಡಿದ್ದು 1932ರಲ್ಲಿ. ಅಷ್ಟರಲ್ಲಿ ಬಾಲೂ ಅವರ ಆಟದ ದಿನಗಳು ಮುಗಿದಿದ್ದವು. ಅದೇ ವರ್ಷ ಅವರು ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಒಬ್ಬರಾದರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷದಿಂದ ಡಾ. ಅಂಬೇಡ್ಕರ್ ಅವರ ಎದುರೇ ನಿಂತು ಸೋತರು. 1950ರಲ್ಲಿ ನಮ್ಮ ಸಂವಿಧಾನ ಜಾರಿಗೆ ಬಂತು. ಅದರ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಮಣ್ಣಿನ ಕುಡಿಕೆಯಲ್ಲಿ ಹೊರಗೆ ನಿಂತು ಚಹಾ ಕುಡಿದಿದ್ದ ಬಾಲೂ ಆ ದಿನವನ್ನು ಕಂಡರು. 1955ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ನಿಮ್ಮ ಕೈಯಲ್ಲಿರುವ ಚೆಂಡು

ಬಾಲೂ ಅವರ ನಂತರ ಕರ್ನಾಟಕವು ದೇಶಕ್ಕೆ ಎಷ್ಟೋ ಮಂದಿ ಸ್ಪಿನ್ನರುಗಳನ್ನು ಕೊಟ್ಟಿದೆ. ಪೋಲಿಯೋದಿಂದ ಬಲಗೈ ಸೊರಗಿದ್ದರೂ ಅದೇ ಕೈಯಿಂದ ಟೆಸ್ಟ್ ಪಂದ್ಯಗಳಲ್ಲಿ 242 ವಿಕೆಟ್ ಪಡೆದ ಬಿ.ಎಸ್. ಚಂದ್ರಶೇಖರ್ ಇದ್ದಾರೆ. 619 ಟೆಸ್ಟ್ ವಿಕೆಟ್ ಪಡೆದ ಅನಿಲ್ ಕುಂಬ್ಳೆ ಇದ್ದಾರೆ. ಕುಂಬ್ಳೆ ಎಂಜಿನಿಯರಿಂಗ್ ಓದಿದ್ದು ಕೆಂಗೇರಿಗೆ ಹೋಗುವ ಮೈಸೂರು ರಸ್ತೆಯಲ್ಲಿರುವ ಆರ್.ವಿ. ಕಾಲೇಜಿನಲ್ಲಿ. ಮೆಟ್ರೋದಲ್ಲೋ ಬಸ್ಸಿನಲ್ಲೋ ಆ ಕಡೆ ಹೋದಾಗ ನೆನಪಿಸಿಕೊಳ್ಳಿ.

ಮಕ್ಕಳೇ, ಚೆಂಡು ಯಾರ ಕೈಯಿಂದ ಬಂತು ಎಂದು ಗಾಳಿ ಕೇಳುವುದಿಲ್ಲ. ಎಸೆದವರ ಜಾತಿ ಯಾವುದೆಂದು ನೋಡಿ ನೆಲ ತನ್ನ ಘರ್ಷಣೆಯನ್ನು ಬದಲಿಸುವುದಿಲ್ಲ. ಬೆರಳು ಎಷ್ಟು ತಿರುವಿತೋ ಚೆಂಡು ಅಷ್ಟು ತಿರುಗುತ್ತದೆ. ಪ್ರಕೃತಿಯ ನಿಯಮ ಎಲ್ಲರಿಗೂ ಒಂದೇ. ಮನುಷ್ಯರು ಮಾಡಿಕೊಂಡ ನಿಯಮ ಹಾಗಿಲ್ಲದಿದ್ದರೆ ಅದನ್ನು ತಿದ್ದಬೇಕಾದವರು ಮನುಷ್ಯರೇ.

ನಾಳೆ ನೀವು ತಂಡ ಕಟ್ಟುವಾಗ ಮೈದಾನದ ಅಂಚಿನಲ್ಲಿ ಯಾರಾದರೂ ಸುಮ್ಮನೆ ನಿಂತು ನೋಡುತ್ತಿದ್ದಾರೆಯೇ ಗಮನಿಸಿ. ಅವರನ್ನು ಕರೆಯಿರಿ. ಚೆಂಡು ಕೊಡಿ. ಬ್ಯಾಟನ್ನೂ ಕೊಡಿ. ಆಟ ಮುಗಿದ ಮೇಲೆ ನಿಮ್ಮ ನೀರಿನ ಬಾಟಲಿಯನ್ನೂ ಕೊಡಿ.

ಯೋಚಿಸಿ, ಉತ್ತರಿಸಿ

1. ಮಳೆ ಬಂದು ಒದ್ದೆಯಾದ ಟೆನಿಸ್ ಚೆಂಡು ಒಣ ಚೆಂಡಿನಂತೆ ತಿರುಗುತ್ತದೆಯೇ? ಪರೀಕ್ಷಿಸಿ ಬರೆಯಿರಿ.

2. ಚಂದ್ರನ ಮೇಲೆ ಗಾಳಿ ಇಲ್ಲ. ಅಲ್ಲಿ ಸ್ಪಿನ್ ಎಸೆತ ಗಾಳಿಯಲ್ಲಿ ಬಾಗುತ್ತದೆಯೇ? ನೆಲಕ್ಕೆ ತಾಗಿದ ಮೇಲೆ ತಿರುಗುತ್ತದೆಯೇ?

3. ನಿಮ್ಮ ಶಾಲೆಯ ಮೈದಾನದ ಮಣ್ಣು ಯಾವ ಬಗೆಯದು? ಮರಳು ಹೆಚ್ಚೋ, ಜೇಡಿ ಹೆಚ್ಚೋ? ಚೆಂಡು ಎಲ್ಲಿ ಹೆಚ್ಚು ಪುಟಿಯುತ್ತದೆ ಎಂದು ಅಳೆದು ನೋಡಿ.

4. ನಿಮ್ಮ ಶಾಲೆಯ ಮೈದಾನವನ್ನು ಗುಡಿಸಿ ಸ್ವಚ್ಛವಾಗಿಡುವವರು ಯಾರು? ಅವರೊಂದಿಗೆ ಮಾತನಾಡಿ, ಆ ನೆಲದ ಬಗ್ಗೆ ಅವರಿಗೆ ತಿಳಿದಿರುವ ಮೂರು ಸಂಗತಿಗಳನ್ನು ಬರೆದುಕೊಳ್ಳಿ.